ಶೇಕಡಾ 106

ಪದವಿಯ ಎರಡನೇ ವರ್ಷ, ಆಗಸ್ಟ್ ತಿಂಗಳು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಬೆಳಿಗ್ಗೆ ಹಿಡಿದರೆ ಸಂಜೆಯಾದರೂ ಬಿಡದು. ಮೂಲೆಯಲ್ಲಿ ಕೊಡೆಗಳನ್ನು ಒರಗಿಸಿ ಲ್ಯಾಬಿಗೆ ನುಗ್ಗಿದೆವು. ಅಂದು ಆಸ್ಪಿರಿನ್ ಮಾಡುವ ಪ್ರಯೋಗ.

2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 5 ಮಿ.ಲೀ. ಅಸಿಟಿಕ್ ಅನ್‌ಹೈಡ್ರೈಡ್, ನಾಲ್ಕೈದು ಹನಿ ಗಂಧಕಾಮ್ಲ. ಬಿಸಿನೀರಿನಲ್ಲಿಟ್ಟು ತೆಗೆದು ತಣ್ಣೀರು ಸುರಿದರೆ ಬಿಳಿ ಹರಳು ಕೂರುತ್ತದೆ. ಅನ್‌ಹೈಡ್ರೈಡ್ ಬೇಕಾದ್ದಕ್ಕಿಂತ ಹೆಚ್ಚೇ ಇರುವುದರಿಂದ ಲೆಕ್ಕವೆಲ್ಲ ಸ್ಯಾಲಿಸಿಲಿಕ್ ಆಮ್ಲದ ಮೇಲೆ. ಅದರ 138 ಗ್ರಾಂಗೆ ಆಸ್ಪಿರಿನ್ 180 ಗ್ರಾಂ, ಅಂದರೆ 2 ಗ್ರಾಂಗೆ 2.61. ಇದು ಕಾಗದದ ಮೇಲಿನ ಇಳುವರಿ. ಕೈಗೆ ಸಿಕ್ಕಿದ್ದನ್ನು ಇದರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ ಇಳುವರಿ.

ನನಗೆ ಸಿಕ್ಕಿದ್ದು 2.77. ಶೇಕಡಾ 106! ಕ್ಲಾಸಿಗೇ ಹೆಚ್ಚು ಎಂದು ಹಿಗ್ಗಿ ಸರ್ ಹತ್ತಿರ ಓಡಿದೆ. ಅವರು ಬೈಯಲಿಲ್ಲ. ವಾಚ್ ಗ್ಲಾಸನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದರು. ಹರಳಿನ ಅಂಚಿನಲ್ಲಿ ತೆಳ್ಳಗೆ ನೀರು ಮಿನುಗಿತು.

"ನಿಮ್ಮನೇಲಿ ಅಡಿಕೆ ತೋಟ ಇದೆಯಲ್ಲ ಮಾರಾಯ? ಹಸಿ ಅಡಿಕೆ ತೂಗಿ ಒಣ ಅಡಿಕೆ ಲೆಕ್ಕ ಬರೀತೀರೇನು?"

ಅಷ್ಟು ಸಾಕಾಯಿತು. ಬೇಯಿಸಿದ ಅಡಿಕೆ ಒಣಗಲು ಹಾಕಿದ ದಿನಗಳಲ್ಲಿ ಅಪ್ಪ ಒಂದು ಹಿಡಿ ಎತ್ತಿ ಕುಲುಕಿ ಸದ್ದು ಕೇಳುತ್ತಿದ್ದರು. ಸದ್ದು ಗಟ್ಟಿಯಾಗುವ ತನಕ ತಕ್ಕಡಿಯ ಮಾತೇ ಇರಲಿಲ್ಲ.

ತೇವ ಹೀರುವ ಮುಚ್ಚಿದ ಪಾತ್ರೆ, ಡೆಸಿಕೇಟರಿನಲ್ಲಿ ಎರಡು ದಿನ ಇಟ್ಟ ಮೇಲೆ ತೂಕ 1.93, ಶೇಕಡಾ 74. ಉಳಿದದ್ದು ಎಲ್ಲಿ ಹೋಯಿತೆಂದು ನನ್ನ ಬಾಯಿಂದಲೇ ಹೇಳಿಸಿದರು: ತೊಳೆದ ನೀರಿನಲ್ಲಿ ಕರಗಿದ್ದು, ಫಿಲ್ಟರ್ ಪೇಪರಿಗೆ, ಫ್ಲಾಸ್ಕಿಗೆ ಅಂಟಿದ್ದು. ಆಮೇಲೆ ಒಂದು ಚಿಟಿಕೆ ಹರಳಿಗೆ ಫೆರಿಕ್ ಕ್ಲೋರೈಡ್ ಹನಿ ಹಾಕಿಸಿದರು. ತಿಳಿ ನೇರಳೆ ಬಣ್ಣ ಬಂತು. ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆ ಎಂದರ್ಥ. ಆ 1.93 ಕೂಡ ಪೂರ್ತಿ ಆಸ್ಪಿರಿನ್ ಅಲ್ಲ! ಪಠ್ಯದ ಲೆಕ್ಕಗಳನ್ನು ನೂರು ಸಲ ಬಿಡಿಸಿದ್ದರೂ ಇದು ನನಗೆ ಹೊಳೆದಿರಲಿಲ್ಲ.

ರೆಕಾರ್ಡಿನ ಆ ಹಾಳೆ ಹರಿದು ಹೊಸದಾಗಿ ಬರೆಯಲೇ ಎಂದು ಕೇಳಿದೆ. ಬೇಡವೆಂದರು. 2.77ರ ಮೇಲೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ "ಒದ್ದೆಯಿತ್ತು" ಎಂದು ಬರೆಸಿ, ಕೆಳಗೆ ಸಹಿ ಹಾಕಿ ಹತ್ತಕ್ಕೆ ಒಂಬತ್ತು ಕೊಟ್ಟರು.