ಬಳ್ಳಾರಿಯ ಉಪ್ಪುನೀರಿನ ತೊಟ್ಟಿ: ಹರಿವಿನ ಕೆಲಸ ಎಲ್ಲಿಗೆ ಬಂತು

ಜನವರಿ

ತೊಟ್ಟಿಯ ಅಳತೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ. ಗಣಿತದ ಪ್ರಕಾರ 72 ಲೀಟರ್ ಹಿಡಿಯಬೇಕಾದರೂ ಮೇಲೆ ಬಿಟ್ಟ ಜಾಗವನ್ನೂ ಮರಳು ಮತ್ತು ಕಲ್ಲುಗಳನ್ನೂ ಕಳೆದರೆ ಉಳಿಯುವುದು ಸುಮಾರು 55 ಲೀಟರ್. ಕೆಳಗಿನ ಪೆಟ್ಟಿಗೆಯಲ್ಲಿರುವ ಸಂಪ್ ಎಂಬ ಎರಡನೆಯ ತೊಟ್ಟಿಯಲ್ಲಿ ಇನ್ನು 20 ಲೀಟರ್ ಇರುತ್ತದೆ. ಒಳಗಿರುವವು ಮರಿಕೇಂದ್ರದಲ್ಲಿ ಬೆಳೆಸಿದ ಒಂದು ಜೊತೆ ಕ್ಲೌನ್ ಮೀನು, ಕೆಲವು ಮಶ್ರೂಮ್‌ಗಳು, ಒಂದು ಗುಂಪು ಜೋಆಂಥಸ್ (ಈ ಎರಡೂ ಹವಳದ ನಂಟಿನ, ಕಲ್ಲಿಗೆ ಅಂಟಿ ಬದುಕುವ ಮೆತ್ತನೆಯ ಕಡಲ ಪ್ರಾಣಿಗಳು). ಬಂಡೆ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅವು ಈ ಯೋಜನೆಯಲ್ಲಿ ಇಲ್ಲ, ಮುಂದೆಯೂ ಇರುವುದಿಲ್ಲ. ಕಲ್ಲುಗಳು ಕೂಡ ಕಡಲಿನಿಂದ ಕಿತ್ತು ತಂದವಲ್ಲ, ಸೆರಾಮಿಕ್‌ನಿಂದ ಮಾಡಿದವು.

ಈ ವರ್ಷ ಬೆಳಕು, ಆಹಾರ ಮುಂತಾದ ಬೇರೆಲ್ಲವನ್ನೂ ಇದ್ದಂತೆಯೇ ಬಿಟ್ಟು ನೀರಿನ ಹರಿವೊಂದನ್ನೇ ಸರಿಪಡಿಸಬೇಕೆಂದು ನಿರ್ಧರಿಸಿದ್ದೇನೆ. ಮಶ್ರೂಮ್ ಅಥವಾ ಜೋಆಂಥಸ್‌ಗೆ ಕಿವಿರುಗಳಿಲ್ಲ, ಹೃದಯವಿಲ್ಲ. ಅಂಟಿಕೊಂಡ ಜಾಗವನ್ನು ಬಿಟ್ಟು ಬೇಕಾದಾಗ ಬೇಕಾದಲ್ಲಿಗೆ ಹೋಗುವಂತೆಯೂ ಇಲ್ಲ. ಅದಕ್ಕೆ ಬೇಕಾದ ಆಮ್ಲಜನಕವನ್ನು ತಂದುಕೊಡುವುದೂ ಅದು ಬಿಟ್ಟ ಕಲ್ಮಶವನ್ನು ಒಯ್ಯುವುದೂ ಸುತ್ತಲಿನ ನೀರೇ. ಎಷ್ಟೇ ಜೋರಾಗಿ ನೀರು ಹರಿಯುತ್ತಿದ್ದರೂ ಜೀವಿಯ ಮೈಗೆ ಅಂಟಿಕೊಂಡಂತೆ ಒಂದು ತೆಳು ಪದರ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಆ ಪದರ ದಪ್ಪವಾದಷ್ಟೂ ಕೊಡುಕೊಳ್ಳುವಿಕೆ ನಿಧಾನವಾಗುತ್ತದೆ, ಹರಿವು ಹೆಚ್ಚಿದಷ್ಟೂ ಅದು ತೆಳ್ಳಗಾಗುತ್ತದೆ.

ಇಂಥ ಮೆತ್ತನೆಯ ಜೀವಿಗಳಿಗೆ ತೊಟ್ಟಿಯ ನೀರು ಗಂಟೆಗೆ 10ರಿಂದ 20 ಪಟ್ಟು ತಿರುಗಬೇಕೆಂಬುದು ಹವ್ಯಾಸಿಗಳ ರೂಢಿ. ಆ ಲೆಕ್ಕದಲ್ಲಿ ನನ್ನ ತೊಟ್ಟಿಗೆ ಗಂಟೆಗೆ 550ರಿಂದ 1100 ಲೀಟರ್ ಸಾಕು. ಆದರೆ ಈ ಸಂಖ್ಯೆ ಎಷ್ಟು ನೀರು ಓಡಿತೆಂಬುದನ್ನು ಹೇಳುತ್ತದೆಯೇ ಹೊರತು ಎಲ್ಲಿ ಓಡಿತೆಂಬುದನ್ನು ಹೇಳುವುದಿಲ್ಲ, ಮತ್ತು ಸಣ್ಣ ತೊಟ್ಟಿಯಲ್ಲಿ ನಿಜವಾದ ತೊಡಕು ಇರುವುದು ಆ ಎರಡನೆಯದರಲ್ಲೇ ಎಂಬುದು ನನ್ನ ಅಭಿಪ್ರಾಯ.

ಫೆಬ್ರವರಿ

ಮೊದಲು ಸಂಪ್‌ನಿಂದ ನೀರು ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್. ಡಬ್ಬಿಯ ಮೇಲೆ ಗಂಟೆಗೆ 1000 ಲೀಟರ್ ಎಂದು ಮುದ್ರಿಸಿದೆ. ಅದು ಪಂಪ್ ನೀರನ್ನು ಒಂದಿಷ್ಟೂ ಎತ್ತಬೇಕಾಗಿಲ್ಲದಿದ್ದಾಗಿನ ಅಂಕಿ. ಇಲ್ಲಿ ಅದು 90 ಸೆಂ.ಮೀ. ಎತ್ತರಕ್ಕೆ, ಅರ್ಧ ಇಂಚಿನ ಪೈಪಿನಲ್ಲಿ, ಮೂರು ಎಲ್ಬೋಗಳನ್ನು ದಾಟಿಸಿ ನೀರು ಕಳಿಸಬೇಕು. ಮೇಲಿನ ಬಾಯಿಯ ಕೆಳಗೆ 10 ಲೀಟರಿನ ಬಕೆಟ್ ಹಿಡಿದು ಸಮಯ ನೋಡಿದರೆ ತುಂಬಲು 75 ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ 480 ಲೀಟರ್, ಡಬ್ಬಿ ಹೇಳುವುದರ ಅರ್ಧಕ್ಕಿಂತಲೂ ಕಡಿಮೆ. ಹರಿವಿನ ಬಗ್ಗೆ ಮಾತನಾಡುವ ಮೊದಲು ಪ್ರತಿಯೊಬ್ಬರೂ ಈ ಬಕೆಟ್ ಪರೀಕ್ಷೆಯನ್ನು ಮಾಡಬೇಕೆಂದು ಒತ್ತಿ ಹೇಳುತ್ತೇನೆ.

ದೊಡ್ಡ ಪಂಪ್ ಕೊಳ್ಳುವುದು ಸುಲಭದ ದಾರಿಯಾಗಿತ್ತು. ಆದರೆ ಪಂಪ್ ದೊಡ್ಡದಾದರೆ ಅದು ನೀರಿಗೆ ಬಿಡುವ ಬಿಸಿಯೂ ದೊಡ್ಡದಾಗುತ್ತದೆ, ನಮ್ಮ ಊರಿನಲ್ಲಿ ಅದನ್ನು ಹಗುರವಾಗಿ ಎಣಿಸುವಂತಿಲ್ಲ. ಆದ್ದರಿಂದ ಪೈಪನ್ನು ಮುಕ್ಕಾಲು ಇಂಚಿಗೆ ಬದಲಾಯಿಸಿದೆ, ಮೂರು ಎಲ್ಬೋಗಳಲ್ಲಿ ಎರಡನ್ನು ತೆಗೆದು ಆ ಜಾಗದಲ್ಲಿ ನಿಧಾನವಾಗಿ ಬಾಗುವ ಹೋಸ್ ಹಾಕಿದೆ. ಅಷ್ಟೇ ನೀರು ಹರಿಯುವಾಗ ಪೈಪಿನ ಘರ್ಷಣೆಯಿಂದಾಗುವ ನಷ್ಟವು ವ್ಯಾಸದ ಐದನೆಯ ಘಾತಕ್ಕೆ ತಕ್ಕಂತೆ ಕಡಿಮೆಯಾಗುವುದರಿಂದ, ಅರ್ಧ ಇಂಚಿನಿಂದ ಮುಕ್ಕಾಲಿಗೆ ಹೋದರೆ ಆ ನಷ್ಟ ಸುಮಾರು ಏಳೂವರೆಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈಗ ಅದೇ ಬಕೆಟ್ 60 ಸೆಕೆಂಡಿನಲ್ಲಿ ತುಂಬುತ್ತದೆ, ಗಂಟೆಗೆ 600 ಲೀಟರ್. ಉಳಿದ ನಷ್ಟ ಎತ್ತರದ್ದು. ಅದನ್ನು ಪೈಪ್ ಬದಲಿಸಿ ತಪ್ಪಿಸಲಾಗದು.

ಫಿಟಿಂಗ್ ಕೊಳ್ಳುವಾಗ ಒಂದು ಎಚ್ಚರಿಕೆ. ಕೌಲ್ ಬಜಾರಿನ ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ "ಬ್ರಾಸ್ ಇರೋದೇ ತಗೋರಿ ಸರ್, ಜಲ್ದಿ ಸೋರಂಗಿಲ್ಲ" ಎಂದು ಹಿತ್ತಾಳೆಯ ಒಳಎಳೆ ಇರುವ ಎಲ್ಬೋವನ್ನು ಕೈಗಿತ್ತರು. ಮನೆಯ ನಲ್ಲಿಗೆ ಅವರ ಮಾತು ಸರಿ. ಆದರೆ ಹಿತ್ತಾಳೆಯಲ್ಲಿ ತಾಮ್ರವಿದೆ, ಉಪ್ಪುನೀರು ಅದನ್ನು ಕರಗಿಸಿಕೊಳ್ಳುತ್ತದೆ, ಮತ್ತು ಬೆನ್ನೆಲುಬಿಲ್ಲದ ಕಡಲ ಜೀವಿಗಳಿಗೆ ಅತ್ಯಲ್ಪ ಪ್ರಮಾಣದ ತಾಮ್ರವೂ ವಿಷ. ಪೂರ್ತಿ ಪ್ಲಾಸ್ಟಿಕ್ಕಿನದನ್ನೇ ಕೇಳಿ ತಂದೆ.

ಮಾರ್ಚ್

ಈ ತಿಂಗಳ ಕೆಲಸ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗಾಜಿನ ಪಕ್ಕದಿಂದ ಹಿಡಿದು, ಮೀನಿನ ಆಹಾರವನ್ನು ನುಣ್ಣಗೆ ಪುಡಿಮಾಡಿ ಒಂದು ಚಿಟಿಕೆಯಷ್ಟನ್ನು ನೀರಿಗೆ ಬಿಟ್ಟೆ. ಬೆಳಕಿನ ಪಟ್ಟಿಯಲ್ಲಿ ಒಂದೊಂದು ಕಣವೂ ಬೇರೆಬೇರೆಯಾಗಿ ಕಾಣುತ್ತದೆ. ಮುಂಗಾಜಿನ ಉದ್ದಕ್ಕೂ ಕಣಗಳು ಬಲಗಡೆಗೆ ವೇಗವಾಗಿ ಓಡಿದವು, ಬಲಗೋಡೆಗೆ ತಾಗಿ ಹಿಂದಕ್ಕೆ ಹೊರಳಿದವು, ಅಲ್ಲಿಂದ ಕಲ್ಲಿನ ಬೆನ್ನಿಗೆ ಬರುವಷ್ಟರಲ್ಲಿ ತಮ್ಮ ಓಟವನ್ನೆಲ್ಲ ಕಳೆದುಕೊಂಡು ಎಡ ಹಿಂಬದಿಯ ಮೂಲೆಯಲ್ಲಿ ಅಂಗೈಯಗಲದ ಜಾಗದಲ್ಲಿ ಸುತ್ತುತ್ತ ಒಂದೊಂದಾಗಿ ಮರಳಿನ ಮೇಲೆ ಇಳಿದವು. ಅದೇ ಮೂಲೆಯ ಮರಳಿನ ಮೇಲೆ ಕೆಂಗಂದು ಬಣ್ಣದ ಲೋಳೆಯ ಹೊದಿಕೆ, ಅಂದರೆ ಸಯನೋಬ್ಯಾಕ್ಟೀರಿಯಾ, ಒರೆಸಿ ತೆಗೆದರೂ ಮತ್ತೆಮತ್ತೆ ಏಕೆ ಬರುತ್ತಿತ್ತೆಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಈ ಭಾಗದವರಿಗೆ ಇದು ಹೊಸ ಸಂಗತಿಯೇನಲ್ಲ. ತುಂಗಭದ್ರಾ ಜಲಾಶಯದಲ್ಲಿ ಆಗಿರುವುದೂ ಇದೇ: ಓಡುವ ನದಿ ಹೊತ್ತು ತಂದ ಮಣ್ಣು ನೀರು ನಿಧಾನವಾದ ಕಡೆ ಹೂಳಾಗಿ ಕೂತು, ಕಟ್ಟಿದ ಕಾಲಕ್ಕೆ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿದಿದೆ. ತೊಟ್ಟಿಯಲ್ಲಿ ಕೂರುವುದು ಮೀನಿನ ಹಿಕ್ಕೆ ಮತ್ತು ಉಳಿದ ಆಹಾರ; ಅದು ಅಲ್ಲೇ ಕೊಳೆತು ನೈಟ್ರೇಟ್ ಮತ್ತು ಫಾಸ್ಫೇಟ್ ಬಿಡುತ್ತದೆ.

ಕಲ್ಲುಗಳನ್ನು ಹಿಂಗಾಜಿನಿಂದ 5 ಸೆಂ.ಮೀ. ಮುಂದಕ್ಕೆ ತಂದು, ದೊಡ್ಡ ಕಲ್ಲನ್ನು ಪ್ಲಾಸ್ಟಿಕ್ ಪೈಪಿನ ಮೂರು ಗಿಡ್ಡ ತುಂಡುಗಳ ಮೇಲೆ ಎತ್ತಿ ಕೂರಿಸಿ, ಅಡಿಯಲ್ಲೂ ನೀರು ನುಸುಳುವಂತೆ ಮಾಡಿದೆ. ತೊಟ್ಟಿಯೊಳಗೇ ಕೂತು ನೀರನ್ನು ತಳ್ಳುವ, ಗಂಟೆಗೆ 600 ಲೀಟರಿನ ಎರಡು ಪುಟ್ಟ ಪಂಪುಗಳಲ್ಲಿ, ಅಂದರೆ ವೇವ್‌ಮೇಕರ್‌ಗಳಲ್ಲಿ, ಒಂದನ್ನು ಎಡಗೋಡೆಯ ಮುಂಭಾಗದಲ್ಲಿಯೂ ಇನ್ನೊಂದನ್ನು ಬಲಗೋಡೆಯ ಹಿಂಭಾಗದಲ್ಲಿಯೂ ಇಟ್ಟು, ಟೈಮರಿನಿಂದ ಸರದಿಯ ಮೇಲೆ ನಡೆಸುತ್ತಿದ್ದೇನೆ. ರಿಟರ್ನ್ ಸೇರಿ ಯಾವ ಹೊತ್ತಿಗೂ ಓಡುವುದು ಗಂಟೆಗೆ 1200 ಲೀಟರ್, ಸುಮಾರು 22 ಪಟ್ಟು. ರೂಢಿಯ ಮಿತಿಗಿಂತ ಇದು ತುಸು ಹೆಚ್ಚು. ಆದರೂ ಯಾವ ಜೀವಿಯ ಮೇಲೂ ನೀರಿನ ಧಾರೆ ನೇರವಾಗಿ ಬೀಳದಂತೆ ತಿರುಗಿಸಿದ್ದರಿಂದ ತೊಂದರೆಯಾಗಿಲ್ಲ. ಒಂದೇ ಕಡೆಯಿಂದ ಸದಾ ಬಡಿಯುವ ಧಾರೆಗೆ ಮಶ್ರೂಮ್ ಅಂಚು ಮಡಚಿಕೊಳ್ಳುತ್ತದೆ. ದಿಕ್ಕು ಬದಲಾಗುವ ಹರಿವಿನಲ್ಲಿ ಅದು ಅಗಲವಾಗಿ ಬಿಚ್ಚಿಕೊಂಡು ಅಂಚನ್ನಷ್ಟೇ ಅಲುಗಿಸುತ್ತದೆ. ಹರಿವು ಹದವಾಗಿದೆಯೇ ಎಂದು ನೋಡಲು ನಾನು ನಂಬುವುದು ಈ ಅಂಚನ್ನೇ. ಹಿಂಬದಿಯ ಮೂಲೆಯ ಲೋಳೆ ತಿಂಗಳ ಕೊನೆಗೆ ಇಲ್ಲವಾಯಿತು.

ಏಪ್ರಿಲ್

ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೆಚ್ಚು. ಪಂಪ್ ನಿಂತ ಕ್ಷಣವೇ ರಿಟರ್ನ್ ಪೈಪ್ ತಿರುಗಿ ಸೈಫನ್ ಆಗಿ ಮೇಲಿನ ನೀರನ್ನು ಸಂಪ್‌ಗೆ ಎಳೆಯುತ್ತದೆ, ಪೈಪಿನ ಬಾಯಿಗೆ ಗಾಳಿ ಸಿಗುವವರೆಗೂ ಎಳೆಯುತ್ತಲೇ ಇರುತ್ತದೆ. ಬಾಯಿ ನೀರಿನ ಮಟ್ಟಕ್ಕಿಂತ 8 ಸೆಂ.ಮೀ. ಕೆಳಗಿದ್ದರೆ ಇಳಿಯುವ ನೀರು 14.4 ಲೀಟರ್, ನನ್ನ ಸಂಪ್‌ನಲ್ಲಿ ಖಾಲಿ ಇರುವ ಜಾಗ 10 ಲೀಟರ್. ಉಳಿದದ್ದು ನೆಲಕ್ಕೆ. ಹಾಗಾಗಿ ಬಾಯಿಯನ್ನು 2 ಸೆಂ.ಮೀ. ಆಳದಲ್ಲಿಯೇ ನಿಲ್ಲಿಸಿದೆ, ಈಗ ಇಳಿಯುವುದು 3.6 ಲೀಟರ್ ಮತ್ತು ಪೈಪುಗಳಲ್ಲಿರುವ ಅಲ್ಪ ನೀರು ಮಾತ್ರ. ಜೊತೆಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ 5 ಮಿ.ಮೀ. ತೂತು ಕೊರೆದಿದ್ದೇನೆ, ಸೈಫನ್ ಇನ್ನೂ ಬೇಗ ಮುರಿಯಲೆಂದು. ಪಾಚಿ ಆ ತೂತನ್ನು ಮುಚ್ಚಿಬಿಡುವುದರಿಂದ ವಾರಕ್ಕೊಮ್ಮೆ ಕಡ್ಡಿ ಹಾಕಿ ತೆರವುಗೊಳಿಸಬೇಕು. ಒಂದೇ ದಿಕ್ಕಿಗೆ ನೀರು ಬಿಡುವ ಚೆಕ್ ವಾಲ್ವ್‌ನ ಮೇಲೆ ನನಗೆ ಭರವಸೆಯಿಲ್ಲ. ಉಪ್ಪೋ ಮರಳೋ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ.

ನಿಂತ ನೀರಿನಲ್ಲಿ ಆಮ್ಲಜನಕದ್ದೇ ಚಿಂತೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿ.ಗ್ರಾಂ. ಆಮ್ಲಜನಕ ಹಿಡಿದಿಟ್ಟುಕೊಂಡರೆ ಕಡಲ ನೀರು ಹಿಡಿಯುವುದು ಸುಮಾರು 6.8; 30 ಡಿಗ್ರಿಗೆ ಅದೂ ಸುಮಾರು 6.2ಕ್ಕೆ ಇಳಿಯುತ್ತದೆ. ಮನೆಯ ಹಳೆಯ ಇನ್ವರ್ಟರಿನ ಚೌಕ ಅಲೆಗೆ ಎ.ಸಿ. ಪಂಪ್ ಗುಂಯ್‌ಗುಡುತ್ತ ಬಿಸಿಯಾಗುವುದರಿಂದ, ಅಡಾಪ್ಟರಿನಿಂದ ನಡೆಯುವ ಡಿ.ಸಿ. ವೇವ್‌ಮೇಕರ್‌ಗಳನ್ನು ಮಾತ್ರ ಇನ್ವರ್ಟರಿಗೆ ಜೋಡಿಸಿದ್ದೇನೆ. ಅವೆರಡೂ ಸೇರಿ 6 ವಾಟ್. ಅವುಗಳ ಮುಖವನ್ನು ತುಸು ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈ ಸದಾ ಕಲಕುತ್ತಿರುವಂತೆ ನೋಡಿಕೊಂಡರೆ ಮೀನುಗಳಿಗೆ ಅಷ್ಟು ಸಾಕು.

ಮೇ

ಹೊರಗೆ 40 ಡಿಗ್ರಿ ದಾಟಿದೆ. ಪಂಪುಗಳು ಸೆಳೆಯುವ 18 ವಾಟ್ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. ಬಿಸಿ ಹೊರಹೋಗಲು ದಾರಿಯೇ ಇಲ್ಲದಿದ್ದರೆ 75 ಲೀಟರ್ ನೀರು ಗಂಟೆಗೆ ಸುಮಾರು 0.2 ಡಿಗ್ರಿ ಕಾಯುತ್ತದೆ. ಆ ದಾರಿಯನ್ನು ಮಾಡಿಕೊಡುವುದು ಆವಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಬೇಕು. ಮೇಲ್ಮೈಗೆ ಅಡ್ಡಲಾಗಿ ಸಣ್ಣ ಫ್ಯಾನ್ ಇಟ್ಟಾಗ ದಿನಕ್ಕೆ ಒಂದೂವರೆ ಲೀಟರ್ ಆರುತ್ತಿದೆ, ಎಂದರೆ ಸರಾಸರಿ 42 ವಾಟ್‌ನಷ್ಟು ಬಿಸಿ ಹೊರಹೋಗುತ್ತಿದೆ. ಮೇಲ್ಮೈ ಕಲಕಿದಷ್ಟೂ, ಗಾಳಿ ಒಣಗಿದ್ದಷ್ಟೂ ಇದು ಚೆನ್ನಾಗಿ ನಡೆಯುತ್ತದೆ, ಮತ್ತು ಒಣಗಾಳಿಯ ವಿಷಯದಲ್ಲಿ ಬಳ್ಳಾರಿಗೆ ಕೊರತೆಯಿಲ್ಲ. ಕರಾವಳಿಯ ಹವ್ಯಾಸಿಗಳಿಗೆ ಈ ಅನುಕೂಲ ಇಷ್ಟು ಸಿಗದು. ತೊಟ್ಟಿ 28 ಡಿಗ್ರಿ ದಾಟಿಲ್ಲ.

ನೀರು ಆರಿದರೂ ಉಪ್ಪು ಆರುವುದಿಲ್ಲವಾದ್ದರಿಂದ, ಒಂದು ದಿನ ನೀರು ತುಂಬದಿದ್ದರೆ ಲವಣಾಂಶ ಸಾವಿರಕ್ಕೆ 35ರಿಂದ 35.7ಕ್ಕೆ ಏರುತ್ತದೆ. ತುಂಬುವುದು ಉಪ್ಪಿಲ್ಲದ ಆರ್‌ಒ ನೀರನ್ನು ಮಾತ್ರ, ಸಂಪ್‌ನ ಗೋಡೆಯ ಮೇಲೆ ಎಳೆದ ಗೆರೆಯವರೆಗೆ, ಬೆಳಿಗ್ಗೆ ಮತ್ತು ಸಂಜೆ.

ಈ ತಿಂಗಳ ಬಕೆಟ್ ಪರೀಕ್ಷೆಯಲ್ಲಿ 72 ಸೆಕೆಂಡ್ ಬಂತು, ಗಂಟೆಗೆ 500 ಲೀಟರ್. ಪಂಪ್ ಬಿಚ್ಚಿದಾಗ ಒಳಗೆ ತಿರುಗಿ ನೀರನ್ನು ತಳ್ಳುವ ಇಂಪೆಲ್ಲರಿನ ರೆಕ್ಕೆಗಳ ಬುಡದಲ್ಲಿ ಉಗುರಿನಿಂದ ಕೆರೆದರೂ ಬಾರದ ಬಿಳಿಯ ಸುಣ್ಣದ ಪದರ ಕಟ್ಟಿತ್ತು. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೊಳೆದು ಜೋಡಿಸಿದ ಮೇಲೆ 61 ಸೆಕೆಂಡ್. ಪ್ರತಿ ಸಲವೂ ಹೋಸ್ ಕೀಳುವುದು ತಪ್ಪಲೆಂದು ಪಂಪಿನ ಮೇಲ್ಭಾಗದಲ್ಲಿ ಕೈಯಿಂದ ಬಿಚ್ಚಿ ಜೋಡಿಸಬಹುದಾದ ಒಂದು ಯೂನಿಯನ್ ಕೂರಿಸಿದ್ದೇನೆ.

ಬಾಕಿ ಇರುವುದು ಬಲ ಮುಂಬದಿಯ ಮೂಲೆ. ಅಲ್ಲಿ ಎಡಗಡೆಯ ವೇವ್‌ಮೇಕರಿನ ಧಾರೆ ಗೋಡೆಗೆ ಬಡಿದು ಕೆಳಗಿಳಿದು ಮರಳನ್ನು ಗುಡ್ಡೆ ಹಾಕುತ್ತಿದೆ, ಪಕ್ಕದಲ್ಲಿ ಗಾಜಿನ ತಳ ಕಾಣುತ್ತಿದೆ. ಒಂದು ಮಿ.ಮೀ.ಗಿಂತ ಸಣ್ಣ ಕಣಗಳೇ ಹೆಚ್ಚಾಗಿ ಹಾರುತ್ತಿರುವುದರಿಂದ ಆ ಭಾಗದಲ್ಲಿ ಎರಡು ಮಿ.ಮೀ. ಗಾತ್ರದ ಮರಳನ್ನು ಸೇರಿಸಿ, ಪಂಪನ್ನು ಎರಡು ಬೆರಳಿನಷ್ಟು ಮೇಲಕ್ಕೆ ಸರಿಸಿ ನೋಡುತ್ತೇನೆ. ಜೂನ್‌ನಲ್ಲಿ ಮಳೆಗಾಲದ ತೇವ ಬಂದು ಫ್ಯಾನಿನ ಕೆಲಸ ಕುಂದುವ ಮೊದಲೇ ಇದು ಮುಗಿಯಬೇಕು.