ತಿಪಟೂರಿನ ನಾರು, ಕಡಲಿನ ಹಡಗು

ತಿಪಟೂರಿನ ನಮ್ಮ ತೋಟದಲ್ಲಿ ಇಂದು ಕಾಯಿ ಸುಲಿದ ಮಟ್ಟೆಗಳನ್ನು ನಾರಿನ ಕಾರ್ಖಾನೆಯ ಲಾರಿಗೆ ತುಂಬಿಸುತ್ತಿದ್ದಾಗ, ಹಿಂದೆ ಅರಬ್ಬೀ ಸಮುದ್ರದ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದಲೇ ಹೊಲಿಯುತ್ತಿದ್ದರೆಂಬುದು ನೆನಪಾಯಿತು. ಹಲಗೆಗಳ ಅಂಚಿನಲ್ಲಿ ಸಾಲಾಗಿ ರಂಧ್ರ ಕೊರೆದು, ಹುರಿಯನ್ನು ಬಿಗಿಯಾಗಿ ಎಳೆದು ಕಟ್ಟಿ, ಮರಕ್ಕೆ ಮೀನೆಣ್ಣೆ ಸವರಿದರೆ ಕಬ್ಬಿಣದ ಮೊಳೆಯೇ ಇಲ್ಲದ ಹಡಗು ಸಿದ್ಧವಾಗುತ್ತಿತ್ತು. ಉಪ್ಪುನೀರಿಗೆ ಮೊಳೆ ತುಕ್ಕು ಹಿಡಿಯುತ್ತದೆ, ನಾರಾದರೋ ಬಹುಕಾಲ ತಡೆಯುತ್ತದೆ. 13ನೆಯ ಶತಮಾನದಲ್ಲಿ ಪರ್ಷಿಯನ್ ಕೊಲ್ಲಿಯ ಬಾಯಲ್ಲಿದ್ದ ಹೊರ್ಮುಜ್ ಬಂದರಿನ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಅವುಗಳಲ್ಲಿ ಪಯಣಿಸುವುದು ಅಪಾಯವೆಂದು ಹೇಳಿದ್ದಾನೆ. ನನಗೆ ಮಾತ್ರ ಆ ಕುಶಲಕರ್ಮಿಗಳ ಮೇಲೆ ಅಪಾರ ಗೌರವ, ಏಕೆಂದರೆ ಹೊಲಿದ ಒಡಲು ಅಲೆಯ ಹೊಡೆತಕ್ಕೆ ತುಸು ಬಾಗಿಕೊಡುತ್ತಿತ್ತು. ಕೇರಳದ ಬೇಪೂರಿನಲ್ಲಿ ‘ಉರು’ ಎಂಬ ಮರದ ಹಡಗು ಕಟ್ಟುವ ಬಡಗಿಗಳು ಈಗ ಮೊಳೆ ಬಳಸಿದರೂ, ಹಲಗೆಗಳನ್ನು ಮೊದಲು ಜೋಡಿಸಿ ಆಮೇಲೆ ಒಳಗಿನ ಪಕ್ಕೆಲುಬಿನಂಥ ಆಧಾರದ ಮರಗಳನ್ನು ಕೂರಿಸುವ ಹಳೆಯ ಕ್ರಮವನ್ನು ಬಿಟ್ಟಿಲ್ಲ.