‘ನೀರು ಚೆನ್ನಾಗಿದೆ’ ಎಂದು ಹೇಳುವ ಮೊದಲು

ಚಿತ್ರದುರ್ಗದ ಒಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ಮಾದರಿ ಸಂಗ್ರಹಿಸುವ ಕೆಲಸ ಮಾಡುತ್ತೇನೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಹಳ್ಳಿಗಳ ಕೊಳವೆಬಾವಿ ನೀರನ್ನು ಬಾಟಲಿಗೆ ತುಂಬಿ ತರುತ್ತೇನೆ. ಈ ಕೆಲಸದಲ್ಲಿ ನಾನು ಆಡಿದ ಒಂದು ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂದು ಯುರೇನಿಯಂ ಪರೀಕ್ಷೆಗೆ ನೀರು ತೆಗೆಯಬೇಕಿತ್ತು. ಇದಕ್ಕೆ ಒಂದು ಕ್ರಮವಿದೆ. ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಮೋಟರ್ ಓಡಿಸಬೇಕು. ನೀರನ್ನು ಸೋಸಿ, ಕೆಲವು ಹನಿ ನೈಟ್ರಿಕ್ ಆಮ್ಲ ಹಾಕಬೇಕು. ಇಲ್ಲದಿದ್ದರೆ ಯುರೇನಿಯಂ ಬಾಟಲಿಯ ಗೋಡೆಗೇ ಅಂಟಿಕೊಂಡು, ಇರುವುದಕ್ಕಿಂತ ಕಡಿಮೆ ಲೆಕ್ಕ ತೋರಿಸುತ್ತದೆ. ನಾನು ಆಮ್ಲದ ಹನಿ ಎಣಿಸುತ್ತಿದ್ದಾಗ, ಸೊಂಟದ ಮೇಲೆ ಕೊಡ ಹೊತ್ತು ನಿಂತಿದ್ದ ತಾಯಿಯೊಬ್ಬರು ನೀರು ಹೇಗಿದೆ ಎಂದು ಕೇಳಿದರು.

ಅವರ ಪರೀಕ್ಷೆ ಆಗಲೇ ಮುಗಿದಿತ್ತು. ಈ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬಿಡುತ್ತದೆ, ಹಳೆಯ ಬಾವಿಯ ಸವಳು ಇದಕ್ಕಿಲ್ಲ. ಆರು ವರ್ಷದಿಂದ ಮನೆಯವರೆಲ್ಲ ಇದನ್ನೇ ಕುಡಿಯುತ್ತಿದ್ದಾರೆ. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ತೋರಿಸುವ ಟಿಡಿಎಸ್ ಪೆನ್ನನ್ನು ಜೇಬಿನಿಂದ ತೆಗೆದು ಅವರ ಚೊಂಬಿನಲ್ಲಿ ಅದ್ದಿದೆ. 480 ಎಂದು ತೋರಿಸಿತು. ‘ಚೆನ್ನಾಗಿದೆ ಅಮ್ಮ, ಧೈರ್ಯವಾಗಿ ಕುಡಿಯಿರಿ’ ಎಂದುಬಿಟ್ಟೆ. ಅವರ ಮುಖ ಅರಳಿತು.

ಕೆಲವು ದಿನಗಳ ನಂತರ ಪ್ರಯೋಗಾಲಯದಲ್ಲಿ ಆ ಬಾಟಲಿಯ ಸರದಿ ಬಂತು. ನೇರಳಾತೀತ ಬೆಳಕು ಬಿದ್ದಾಗ ನೀರಿನಲ್ಲಿ ಕರಗಿದ ಯುರೇನಿಯಂ ಹಸಿರಾಗಿ ಹೊಳೆಯುತ್ತದೆ. ಆ ಹೊಳಪನ್ನು ಫ್ಲೋರಿಮೀಟರ್ ಅಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಆ ನೀರು ಅದನ್ನು ದಾಟಿತ್ತು. ಎರಡನೆಯ ಸಲ ಅಳೆದಾಗಲೂ ದಾಟಿತ್ತು.

ಅಂದು ಲೆಕ್ಕ ಹಾಕಿ ನೋಡಿದೆ. ಪೆನ್ನು ತೋರಿಸಿದ 480 ಎಂದರೆ ಲೀಟರಿಗೆ 480 ಮಿಲಿಗ್ರಾಂ, ಅಂದರೆ 4,80,000 ಮೈಕ್ರೋಗ್ರಾಂ ಲವಣ. ಅದರಲ್ಲಿ 30 ಎಂದರೆ ಹದಿನಾರು ಸಾವಿರದಲ್ಲಿ ಒಂದು ಪಾಲು. ಅಷ್ಟು ಸಣ್ಣ ಪಾಲು ಹೆಚ್ಚಾದರೂ ಕಡಿಮೆಯಾದರೂ ಪೆನ್ನಿನ ಅಂಕಿ ಅಲುಗುವುದಿಲ್ಲ. ನಾನು ಅಳೆದದ್ದು ಒಂದು, ಭರವಸೆ ಕೊಟ್ಟದ್ದು ಇನ್ನೊಂದಕ್ಕೆ.

ಅವರ ಅಡುಗೆಮನೆಯ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ. ಗ್ರಾನೈಟ್ ಬಂಡೆಯಲ್ಲಿ ಯುರೇನಿಯಂ ಸ್ವಾಭಾವಿಕವಾಗಿಯೇ ಇರುತ್ತದೆ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಬೈಕಾರ್ಬನೇಟ್ ಇದ್ದರೆ ಅದು ಯುರೇನಿಯಂ ಅನ್ನು ಕರಗಿಸಿ ಹಿಡಿದಿಟ್ಟುಕೊಳ್ಳುತ್ತದೆ. ಬೇಳೆ ಬೇಯಿಸುವ, ನೊರೆ ಬರಿಸುವ ಮೆದು ನೀರಿನಲ್ಲೂ ಬೈಕಾರ್ಬನೇಟ್ ಧಾರಾಳವಾಗಿ ಇರಬಹುದು. ನಮ್ಮಲ್ಲಿ ಅಂತರ್ಜಲ ಇಳಿದಂತೆಲ್ಲ ಕೊಳವೆಬಾವಿ ಬಂಡೆಯೊಳಕ್ಕೆ ಇಳಿಯುತ್ತಲೇ ಹೋಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡವೊಂದು ಪೂರ್ವ ಕರ್ನಾಟಕದ ಹಳ್ಳಿಗಳ ನೀರಿನಲ್ಲಿ ಯುರೇನಿಯಂ ಹೆಚ್ಚಿರುವುದನ್ನು 2021ರಲ್ಲಿ ಪ್ರಕಟಿಸಿದೆ.

ಅದೇ ವಾರ ಮತ್ತೆ ಆ ಮನೆಗೆ ಹೋದೆ. ‘ಅಂದು ನಾನು ತಪ್ಪು ಹೇಳಿದೆ’ ಎಂಬ ಮಾತಿನಿಂದಲೇ ಆರಂಭಿಸಿದೆ. ಯುರೇನಿಯಂ ಎಂದ ಕೂಡಲೇ ಅವರ ಮಗ ಅಣುಬಾಂಬು, ಕ್ಯಾನ್ಸರ್ ಎಂದು ಗಾಬರಿಯಾದ. ನೈಸರ್ಗಿಕ ಯುರೇನಿಯಂನ ವಿಕಿರಣ ಬಹಳ ದುರ್ಬಲ. ನೀರಿನ ಮೂಲಕ ಒಳಗೆ ಹೋದಾಗ ಅದು ಮೊದಲು ತೊಂದರೆ ಕೊಡುವುದು ಸೀಸದಂಥ ಭಾರಲೋಹವಾಗಿ, ಅದೂ ಮೂತ್ರಪಿಂಡಕ್ಕೆ. ಮೂತ್ರಪಿಂಡದ ಸೂಕ್ಷ್ಮ ನಾಳಗಳು ದೇಹಕ್ಕೆ ಬೇಕಾದುದನ್ನು ಹಿಂದಕ್ಕೆ ಹೀರಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತವೆ. ಫಿನ್ಲೆಂಡಿನಲ್ಲಿ ಇಂಥದೇ ಬಂಡೆಬಾವಿ ನೀರು ಕುಡಿದವರ ಮೂತ್ರದಲ್ಲಿ ಈ ಬದಲಾವಣೆಯ ಸುಳಿವು ಸಿಕ್ಕಿದೆ. ನೋವಿಲ್ಲ, ಹೊರಗಿನ ಗುರುತಿಲ್ಲ. ಫ್ಲೋರೈಡ್ ಆದರೆ ಹಲ್ಲಿನ ಮೇಲೆ ಕಂದು ಕಲೆಯಾಗಿ ಕಾಣುತ್ತದೆ. ನಮ್ಮ ಜನ ಅದನ್ನು ಕಂಡ ಕೂಡಲೇ ಗುರುತಿಸುತ್ತಾರೆ. ಇದು ಹಾಗಲ್ಲ.

‘ಆರು ವರ್ಷ ಕುಡಿದಿದ್ದೇವಲ್ಲ?’ ಎಂದು ಆ ತಾಯಿ ಕೇಳಿದರು. ಕುಡಿದದ್ದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ, ಅದರಲ್ಲೂ ಹೆಚ್ಚಿನದು ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪ ಮೂಳೆಯಲ್ಲಿ ಉಳಿಯುತ್ತದೆ. ಇಂದು ನಿಲ್ಲಿಸಿದರೆ ಇಂದಿನಿಂದಲೇ ಮೂತ್ರಪಿಂಡದ ಹೊರೆ ಇಳಿಯುತ್ತದೆ ಎಂದೆ. ವೈದ್ಯರ ಬಳಿ ಹೋದಾಗ ಈ ನೀರಿನ ವಿಷಯ ಹೇಳಿ ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಎಂದೂ ಹೇಳಿದೆ. ಸ್ನಾನಕ್ಕೆ, ಬಟ್ಟೆ ಒಗೆಯಲು ಈ ನೀರು ಸಾಕು. ಚರ್ಮದ ಮೂಲಕ ಅದು ಒಳಹೋಗುವ ಭಯವಿಲ್ಲ. ಕಾಯಿಸಿದರೆ ಪ್ರಯೋಜನವಿಲ್ಲ, ನೀರು ಆವಿಯಾಗಿ ಲೋಹ ಉಳಿಯುತ್ತದೆ.

ಊರಿನಲ್ಲಿ ಶುದ್ಧ ನೀರಿನ ಘಟಕವಿತ್ತು. ಅದರಲ್ಲಿ ನೀರನ್ನು ಸೋಸುವ ಆರ್‌ಒ ಪೊರೆ ಸುಸ್ಥಿತಿಯಲ್ಲಿದ್ದರೆ ಯುರೇನಿಯಂ ಅನ್ನು ಬಹುಮಟ್ಟಿಗೆ ತಡೆಯುತ್ತದೆ. ನಾನು ಘಟಕದ ನೀರನ್ನೂ ತುಂಬಿಕೊಂಡೆ. ಈ ಸಲ ಬಾಯಿ ಬಿಡಲಿಲ್ಲ. ಘಟಕದ ಹಿಂದೆ ತ್ಯಾಜ್ಯ ನೀರಿನ ಪೈಪು ದನದ ತೊಟ್ಟಿಗೆ ಸುರಿಯುತ್ತಿತ್ತು. ಪೊರೆ ತಡೆದದ್ದೆಲ್ಲ ಗಟ್ಟಿಯಾಗಿ ಸೇರುವುದು ಆ ನೀರಿನಲ್ಲೇ. ತೊಟ್ಟಿಗೆ ಬೇರೆ ನೀರು ಬಿಡಿ ಎಂದು ಬರೆದುಕೊಟ್ಟೆ.

ಅಷ್ಟರಲ್ಲಿ ಆ ತಾಯಿ ಒಲೆಯ ಕಡೆ ನೋಡಿದರು. ‘ಮುದ್ದೆಯ ಎಸರಿಗೂ ಘಟಕದ ನೀರೇ ಬೇಕೇ?’ ಎಂದರು. ನನ್ನ ನಮೂನೆಯಲ್ಲಿ ಕುಡಿಯುವ ನೀರಿನ ಕಾಲಮ್ಮು ಇತ್ತು, ಅಡುಗೆಯದು ಇರಲಿಲ್ಲ. ಎಸರಿನ ನೀರೆಲ್ಲ ಮುದ್ದೆಯಲ್ಲೇ ಉಳಿಯುತ್ತದೆ, ಸಾರಿನದು ಸಾರಿನಲ್ಲಿ. ಬೇಕು ಎಂದೆ. ಹಾಗಾದರೆ ಇಪ್ಪತ್ತು ಲೀಟರಿನ ಒಂದು ಕ್ಯಾನು ತಮ್ಮ ಮನೆಗೆ ಮಧ್ಯಾಹ್ನದವರೆಗೂ ಸಾಲದು ಎಂದರು. ಆ ಬೀದಿಯ ಪ್ರತಿ ಮನೆಯಲ್ಲೂ ಅಡುಗೆಗೆ ಎಷ್ಟು ನೀರು ಬೇಕೆಂದು ಕೇಳಿ ಬರೆದುಕೊಂಡೆ. ವರದಿಯಲ್ಲಿ ಯುರೇನಿಯಂ ಅಂಕಿಯ ಕೆಳಗೇ ಆ ಲೀಟರುಗಳನ್ನೂ ಸೇರಿಸಿದೆ.